ಎರಡು ದಿನದ ಶೃಂಗಸಭೆಗೆ ನಗರವೊಂದು ಸಿದ್ಧವಾಗುವುದೆಂದರೆ ಏನು?

ಪ್ರಶ್ನೆ

ಬಲ್ಲವರಿಗೆಲ್ಲ ನಮಸ್ಕಾರ. ನಾನು ಸಾರ್ವಜನಿಕ ಆಡಳಿತ ವಿಷಯದಲ್ಲಿ ಸ್ನಾತಕೋತ್ತರ ಪದವಿ ಓದುತ್ತಿರುವ ವಿದ್ಯಾರ್ಥಿನಿ. ಅಂತಿಮ ವರ್ಷದ ಪ್ರಬಂಧಕ್ಕೆ, ಅಂತರರಾಷ್ಟ್ರೀಯ ಆರ್ಥಿಕ ಶೃಂಗಸಭೆಗಳಿಗಾಗಿ ನಗರಗಳು ಮಾಡಿಕೊಳ್ಳುವ ಸಿದ್ಧತೆಯನ್ನು ವಿಷಯವಾಗಿ ಆರಿಸಿಕೊಂಡಿದ್ದೇನೆ. ಜಿ-20, ಏಪೆಕ್ (ಏಷ್ಯಾ-ಪೆಸಿಫಿಕ್ ಭಾಗದ ಆರ್ಥಿಕ ಸಹಕಾರ ಕೂಟ), ವಿಶ್ವ ವ್ಯಾಪಾರ ಸಂಸ್ಥೆಯ ಸಚಿವರ ಸಭೆ ಮುಂತಾದವು ಕೆಲವೇ ದಿನ ನಡೆಯುತ್ತವೆ. ಅದಕ್ಕಾಗಿ ನಗರಗಳು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ದುಡಿಯುತ್ತವೆ.

ನಾನು ಈವರೆಗೆ ಓದಿದ ವರದಿಗಳಲ್ಲೆಲ್ಲ ಹೋಟೆಲ್ ಕೊಠಡಿಗಳ ಲೆಕ್ಕ, ರಸ್ತೆಗಳ ಅಲಂಕಾರ, ಬರಬಹುದಾದ ಬಂಡವಾಳದ ಅಂದಾಜು ಇವೇ ತುಂಬಿವೆ. ಭದ್ರತಾ ವಲಯದ ಒಳಗೆ ಮನೆ ಮಾಡಿಕೊಂಡಿರುವವರ ಬಗ್ಗೆ, ಅಲ್ಲಿ ಅಂಗಡಿ ಇಟ್ಟುಕೊಂಡಿರುವವರ ಬಗ್ಗೆ ಒಂದೆರಡು ಸಾಲುಗಳಿದ್ದರೆ ಹೆಚ್ಚು. ಇಂಥ ಸಭೆ ಬೇಕೇ ಬೇಡವೇ ಎಂದು ಹೇಳುವ ಅವಕಾಶ ನಗರಕ್ಕೆ ಇರುತ್ತದೆಯೇ, ಸಿದ್ಧತೆಯಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಡೆಗಣಿಸಲ್ಪಡುವ ಸಂಗತಿ ಯಾವುದು, ಗಣ್ಯರ ವಿಮಾನಗಳು ಹೊರಟುಹೋದ ಮೂರನೆಯ ದಿನ ನಗರದ ಕೈಯಲ್ಲಿ ಏನು ಉಳಿದಿರುತ್ತದೆ ಎಂಬುದನ್ನು ಅನುಭವವುಳ್ಳವರು ತಿಳಿಸಿಕೊಡಬೇಕಾಗಿ ವಿನಂತಿ.

ಉತ್ತರ 1

ಒಳ್ಳೆಯ ವಿಷಯವನ್ನು ಆರಿಸಿಕೊಂಡಿದ್ದೀರಿ. ನಗರಾಡಳಿತದ ಬಗ್ಗೆ ಬಹಳ ವರ್ಷಗಳಿಂದ ಓದುತ್ತ ಬರೆಯುತ್ತ ಬಂದವನಾದ್ದರಿಂದ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ.

ನಗರವನ್ನು ಕೇಳಿ ತೀರ್ಮಾನಿಸುವುದು ಅಪರೂಪ. ಅಧ್ಯಕ್ಷತೆ ಸಿಗುವುದು ದೇಶಕ್ಕೆ; ಸಭೆ ಯಾವ ಊರಿನಲ್ಲಿ ಎಂಬುದನ್ನು ಆ ದೇಶದ ಸರ್ಕಾರ ನಿರ್ಧರಿಸುತ್ತದೆ. ಪಿಟ್ಸ್‌ಬರ್ಗ್ ಇದಕ್ಕೆ ಒಳ್ಳೆಯ ನಿದರ್ಶನ. ಅಲ್ಲಿ ಜಿ-20 ಶೃಂಗಸಭೆ ನಡೆಯಲಿದೆ ಎಂದು ಅಮೆರಿಕದ ಅಧ್ಯಕ್ಷರ ಕಚೇರಿ ಪ್ರಕಟಿಸಿದ್ದು 2009ರ ಮೇ ಕೊನೆಯಲ್ಲಿ. ಸಭೆ ನಡೆದದ್ದು ಅದೇ ವರ್ಷದ ಸೆಪ್ಟೆಂಬರ್ 24 ಮತ್ತು 25ರಂದು. ನಡುವೆ ನಾಲ್ಕು ತಿಂಗಳೂ ಇರಲಿಲ್ಲ. ಉಕ್ಕಿನ ಕಾರ್ಖಾನೆಗಳು ಮುಚ್ಚಿಹೋದ ಮೇಲೆ ಆಸ್ಪತ್ರೆ, ವಿಶ್ವವಿದ್ಯಾಲಯ ಮತ್ತು ತಂತ್ರಜ್ಞಾನವನ್ನು ನೆಚ್ಚಿಕೊಂಡು ಮತ್ತೆ ಎದ್ದು ನಿಂತ ನಗರ ಎಂಬ ಕಾರಣಕ್ಕೆ ಅದನ್ನು ಆರಿಸಿದರು. ಜಗತ್ತೇ ಆರ್ಥಿಕ ಕುಸಿತದಲ್ಲಿದ್ದಾಗ ಆ ಆಯ್ಕೆಗೆ ಅರ್ಥವಿತ್ತು. ಆದರೆ ಮೂರು ಲಕ್ಷಕ್ಕಿಂತ ತುಸು ಹೆಚ್ಚು ಜನರಿದ್ದ ಆ ನಗರದ ಸ್ವಂತ ಪೊಲೀಸ್ ಬಲ ಒಂದು ಸಾವಿರವನ್ನೂ ಮುಟ್ಟುತ್ತಿರಲಿಲ್ಲ. ಬೇಕಾಗಿದ್ದದ್ದು ನಾಲ್ಕು ಸಾವಿರದಷ್ಟು. ಉಳಿದವರನ್ನು ಬೇರೆ ಬೇರೆ ಕಡೆಗಳಿಂದ ಕರೆಸಿ, ಪ್ರಮಾಣವಚನ ಬೋಧಿಸಿ ಬೀದಿಗೆ ಇಳಿಸಲಾಯಿತು. ಆ ಊರಿನ ಓಣಿಗಳ ಪರಿಚಯವಿಲ್ಲದ, ಒಟ್ಟಿಗೆ ಕೆಲಸ ಮಾಡಿ ಅಭ್ಯಾಸವಿಲ್ಲದ ಸಿಬ್ಬಂದಿಯನ್ನು ಒಂದೇ ಆಜ್ಞೆಯ ಕೆಳಗೆ ನಡೆಸುವುದು ಎಷ್ಟು ಕಷ್ಟವೆಂಬುದು ಎರಡನೆಯ ದಿನದ ರಾತ್ರಿ ವಿಶ್ವವಿದ್ಯಾಲಯದ ಆವರಣದಲ್ಲಿ ಗೊತ್ತಾಯಿತು. ಪ್ರತಿಭಟನೆಗೆ ಬಂದವರ ಜೊತೆಗೆ ಸುಮ್ಮನೆ ನಿಂತು ನೋಡುತ್ತಿದ್ದ ವಿದ್ಯಾರ್ಥಿಗಳನ್ನೂ ಬಂಧಿಸಲಾಯಿತು. ಆಮೇಲೆ ಕೆಲವು ಮೊಕದ್ದಮೆಗಳಲ್ಲಿ ನಗರವೇ ಪರಿಹಾರ ಕೊಡಬೇಕಾಯಿತು.

ಅಮೆರಿಕದ್ದೇ ಆದ ಸಿಯಾಟಲ್‌ನ ಕಥೆ ಬೇರೆ. 1999ರ ವಿಶ್ವ ವ್ಯಾಪಾರ ಸಂಸ್ಥೆಯ ಸಭೆಯನ್ನು ಅಲ್ಲಿನ ಉದ್ಯಮಿಗಳೂ ನಗರದ ಮುಖಂಡರೂ ತಾವಾಗಿ ಬಯಸಿ, ಪೈಪೋಟಿ ನಡೆಸಿ ಪಡೆದುಕೊಂಡರು. ನವೆಂಬರ್ 30ರ ಬೆಳಿಗ್ಗೆ ನಲವತ್ತು ಸಾವಿರಕ್ಕೂ ಮಿಕ್ಕ ಜನ ಬೀದಿಗಿಳಿದರು. ಪ್ರತಿನಿಧಿಗಳಿಗೆ ಸಭಾಂಗಣ ತಲುಪಲಾಗದೆ ಉದ್ಘಾಟನಾ ಸಮಾರಂಭವೇ ರದ್ದಾಯಿತು. ಸಂಜೆಯ ಹೊತ್ತಿಗೆ ನಗರದ ನಡುಭಾಗದಲ್ಲಿ ಕರ್ಫ್ಯೂ ಬಂತು. ಅಂಗಡಿಗಳಿಗೆ ವರ್ಷದಲ್ಲೇ ಹೆಚ್ಚು ವ್ಯಾಪಾರವಾಗುವ ಕ್ರಿಸ್‌ಮಸ್ ಹಿಂದಿನ ವಾರಗಳವು. ಪೊಲೀಸ್ ಮುಖ್ಯಸ್ಥರು ರಾಜೀನಾಮೆ ಕೊಟ್ಟರು. ಒಂದು ಉದ್ಯಾನದಲ್ಲಿ ಒಟ್ಟಾಗಿ ಬಂಧಿಸಿದ್ದು ಕಾನೂನುಬಾಹಿರವೆಂದು ನ್ಯಾಯಾಲಯದಲ್ಲಿ ತೀರ್ಮಾನವಾಗಿ, ನಗರದ ಪರವಾಗಿ 10 ಲಕ್ಷ ಡಾಲರ್ ಪರಿಹಾರ ಇತ್ಯರ್ಥವಾದದ್ದು 2007ರಲ್ಲಿ. ಆ ನಗರದ ಬಗ್ಗೆ ನನಗೆ ಗೌರವ ಮೂಡಿಸಿದ ಒಂದು ಸಂಗತಿಯಿದೆ: ಅಲ್ಲಿನ ನಗರಸಭೆ ತನ್ನದೇ ಪರಿಶೀಲನಾ ಸಮಿತಿಯನ್ನು ನೇಮಿಸಿ, ಎಲ್ಲೆಲ್ಲಿ ತಪ್ಪಿದೆವೆಂದು ಮರುವರ್ಷವೇ ವರದಿಯಾಗಿ ಹೊರತಂದಿತು. ಆ ವರದಿಯನ್ನು ನೀವು ತಪ್ಪದೆ ಹುಡುಕಿ ಓದಬೇಕು.

ಕಡೆಗಣಿಸಲ್ಪಡುವ ಸಂಗತಿ ಯಾವುದೆಂದು ಕೇಳಿದ್ದೀರಿ. ನಿಯಮಗಳನ್ನು ಜನರಿಗೆ ಮೊದಲೇ, ಸ್ಪಷ್ಟವಾಗಿ ತಿಳಿಸುವುದು ಎಂದು ನಾನು ಹೇಳುತ್ತೇನೆ. ಕೆನಡಾದ ಟೊರಾಂಟೋದಲ್ಲಿ 2010ರ ಜೂನ್ 26 ಮತ್ತು 27ರಂದು ಜಿ-20 ಸಭೆ ನಡೆಯಿತು. ಸಭಾಂಗಣದ ಸುತ್ತ ಮೂರು ಮೀಟರ್ ಎತ್ತರದ ಬೇಲಿ ಹಾಕಿದ್ದರು. ಅದರ ಬಳಿ ಬಂದವರನ್ನು ತಡೆದು ಶೋಧಿಸಲು, 1939ರಲ್ಲಿ ಯುದ್ಧಕಾಲಕ್ಕೆಂದು ಮಾಡಿದ್ದ ಹಳೆಯ ಕಾಯಿದೆಯೊಂದರ ಅಡಿಯಲ್ಲಿ ಪ್ರಾಂತೀಯ ಸರ್ಕಾರ ಹೊಸ ನಿಯಮ ಹೊರಡಿಸಿತು. ಅದು ಮುದ್ರಿತ ಗೆಜೆಟ್‌ನಲ್ಲಿ ಬಂದದ್ದು ಜುಲೈ 3ರಂದು, ಅಂದರೆ ಸಭೆ ಮುಗಿದು ಆರು ದಿನಗಳಾದ ಮೇಲೆ. ಬೇಲಿಯ ಐದು ಮೀಟರ್ ಸಮೀಪಕ್ಕೆ ಬಂದ ಯಾರನ್ನಾದರೂ ಪೊಲೀಸರು ಹಿಡಿಯಬಹುದೆಂಬ ತಪ್ಪು ತಿಳಿವಳಿಕೆ ಊರೆಲ್ಲ ಹಬ್ಬಿತು, ಅದನ್ನು ಸಕಾಲದಲ್ಲಿ ತಿದ್ದುವವರಿರಲಿಲ್ಲ. ಭಾನುವಾರ ಸಂಜೆ ಕ್ವೀನ್ ಮತ್ತು ಸ್ಪಡೈನಾ ರಸ್ತೆಗಳು ಕೂಡುವಲ್ಲಿ, ಪ್ರತಿಭಟನೆಗೆ ಬಂದವರನ್ನೂ ದಾರಿಹೋಕರನ್ನೂ ಒಂದೇ ಸುತ್ತುಗಟ್ಟಿನೊಳಗೆ ಸೇರಿಸಿ, ಸುರಿಯುವ ಮಳೆಯಲ್ಲಿ ಗಂಟೆಗಟ್ಟಲೆ ನಿಲ್ಲಿಸಿದರು. ಎರಡು ದಿನಗಳಲ್ಲಿ 1,100ಕ್ಕೂ ಹೆಚ್ಚು ಜನರ ಬಂಧನವಾಯಿತು. ಹೆಚ್ಚಿನವರ ಮೇಲೆ ಆರೋಪವನ್ನೇ ಹೊರಿಸಲಿಲ್ಲ. 2020ರಲ್ಲಿ, ಅಂದರೆ ಹತ್ತು ವರ್ಷಗಳ ನಂತರ, 1.65 ಕೋಟಿ ಕೆನಡಾ ಡಾಲರ್‌ಗಳಿಗೆ ಬಂಧಿತರು ಹೂಡಿದ್ದ ವ್ಯಾಜ್ಯ ಇತ್ಯರ್ಥವಾಯಿತು. ಮುಂಚೆಯೇ ಒಂದು ಸರಿಯಾದ ಪ್ರಕಟಣೆ ಹೊರಡಿಸಿದ್ದರೆ ಇಷ್ಟೂ ತಪ್ಪುತ್ತಿತ್ತೆಂದು ನಾನು ಹೇಳುವುದಿಲ್ಲ, ಆದರೆ ಅದರಲ್ಲಿ ಸಾಕಷ್ಟು ತಪ್ಪುತ್ತಿತ್ತು.

ಉತ್ತರ 2

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ನನ್ನ ಅಭಿಪ್ರಾಯ ಇನ್ನೂ ಒಂದು ಹೆಜ್ಜೆ ಮುಂದಿದೆ. ಇಂಥ ಸಭೆಗಳನ್ನು ಜನವಸತಿಯ ನಡುವೆ ನಡೆಸುವುದೇ ತಪ್ಪು. 2001ರ ಜುಲೈನಲ್ಲಿ ಇಟಲಿಯ ಜಿನೋವಾದಲ್ಲಿ ನಡೆದ ಜಿ-8 (ಎಂಟು ಪ್ರಬಲ ದೇಶಗಳ ಕೂಟ) ಸಭೆಯ ವೇಳೆ ಇಪ್ಪತ್ತಮೂರರ ಹರೆಯದ ಯುವಕನೊಬ್ಬ ಪೊಲೀಸ್ ಗುಂಡಿಗೆ ಬಲಿಯಾದ. ಮರುರಾತ್ರಿ ಶಾಲೆಯೊಂದರಲ್ಲಿ ಮಲಗಿದ್ದವರ ಮೇಲೆ ಪೊಲೀಸರು ನಡೆಸಿದ ಹಲ್ಲೆಯನ್ನು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2015ರಲ್ಲಿ ಚಿತ್ರಹಿಂಸೆಯೆಂದೇ ಕರೆಯಿತು. ಜಿನೋವಾದ ಮರುವರ್ಷವೇ, 2002ರಲ್ಲಿ, ಸಭೆಯನ್ನು ಕೆನಡಾದ ಪರ್ವತಗಳ ನಡುವಿನ ಕನನಾಸ್ಕಿಸ್‌ಗೆ ಒಯ್ದರು. ಅದೇ ಕೂಟ ಜಿ-7 ಆದ ಮೇಲೆ, 2025ರ ಸಭೆಗೂ ನಾಯಕರು ಅಲ್ಲಿಗೇ ಮರಳಿದರು. ನಗರವನ್ನು ಬಂದ್ ಮಾಡಿಸಿ ಖಾಲಿ ಬೀದಿಗಳನ್ನು ಅತಿಥಿಗಳಿಗೆ ತೋರಿಸುವುದಾದರೆ ನಗರದಲ್ಲಿ ಸಭೆ ನಡೆಸಬೇಕಾದ ಅಗತ್ಯವಾದರೂ ಏನಿದೆ? 2016ರ ಜಿ-20 ಸಭೆಗೆಂದು ಚೀನಾದ ಹಾಂಗ್‌ಝೌ ನಗರದಲ್ಲಿ ನಾಗರಿಕರಿಗೆ ರಜೆ ಕೊಟ್ಟು ಊರು ಬಿಟ್ಟು ಪ್ರವಾಸ ಹೋಗುವಂತೆ ಪ್ರೋತ್ಸಾಹಿಸಿದರು, ಆಕಾಶ ನೀಲಿಯಾಗಿ ಕಾಣಲೆಂದು ಸುತ್ತಮುತ್ತಲಿನ ಕಾರ್ಖಾನೆಗಳನ್ನು ನಿಲ್ಲಿಸಿದರು. ಸಭೆ ಮುಗಿದ ಮೇಲೆ ಕಾರ್ಖಾನೆಗಳು ಮತ್ತೆ ಶುರುವಾದವು.

ಉತ್ತರ 3

ನಾನು ಓದಿ ತಿಳಿದವಳಲ್ಲ, ಕೆಲಸ ಮಾಡಿ ತಿಳಿದವಳು. ಕೆಲವು ವರ್ಷಗಳ ಹಿಂದೆ ಅಂತರರಾಷ್ಟ್ರೀಯ ಸಭೆಯೊಂದರ ಪಾಸ್ ವಿಭಾಗದಲ್ಲಿ ಎರಡೂವರೆ ತಿಂಗಳು ದುಡಿದಿದ್ದೇನೆ. ಯಾವ ಊರು, ಯಾವ ಸಭೆ ಎಂಬುದನ್ನು ಹೇಳುವುದು ಬೇಡ. ಕೆಲಸ ಹೇಗೆ ನಡೆಯುತ್ತದೆಂಬುದು ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ಎಂದು ಆಮೇಲೆ ಬೇರೆಯವರ ಜೊತೆ ಮಾತಾಡಿದಾಗ ತಿಳಿಯಿತು.

ಭದ್ರತಾ ವಲಯ ಒಂದರೊಳಗೊಂದು ಸುತ್ತುಗಳಾಗಿರುತ್ತದೆ. ಹೊರಸುತ್ತಿನಲ್ಲಿ ವಾಹನಗಳಿಗೆ ಮಾತ್ರ ತಡೆ, ನಡುಸುತ್ತಿಗೆ ಪಾಸ್ ಬೇಕು, ಒಳಸುತ್ತಿಗೆ ಪ್ರತಿನಿಧಿಗಳು ಮತ್ತು ಅವರ ಸಿಬ್ಬಂದಿಯನ್ನು ಬಿಟ್ಟು ಬೇರೆಯವರಿಗೆ ಪ್ರವೇಶವೇ ಇಲ್ಲ. ತೊಂದರೆಯೆಲ್ಲ ನಡುಸುತ್ತಿನಲ್ಲಿ. ಅಲ್ಲಿ ಯಾರು ವಾಸವಾಗಿದ್ದಾರೆಂಬ ಪಟ್ಟಿಯನ್ನು ಕಚೇರಿಯ ದಾಖಲೆಗಳಿಂದ ತಯಾರಿಸುತ್ತಾರೆ. ದಾಖಲೆಯಲ್ಲಿ ಇರುವುದು ಮನೆಯ ಮಾಲೀಕರ ಹೆಸರು. ಮನೆಯಲ್ಲಿ ಇರುವುದು ಬಾಡಿಗೆದಾರರು. ಬಾಡಿಗೆದಾರರನ್ನು ಹೇಗೋ ಸೇರಿಸಿದೆವು ಎಂದುಕೊಳ್ಳಿ, ಅವರ ಮನೆಗೆ ದಿನವೂ ಬಂದು ಹೋಗುವವರು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಹಾಸಿಗೆ ಹಿಡಿದವರ ಆರೈಕೆಗೆ ಬರುವವರು, ಮನೆಗೆಲಸದವರು, ಲಿಫ್ಟ್ ರಿಪೇರಿಯವರು, ಮಗುವನ್ನು ನೋಡಿಕೊಳ್ಳಲು ಬರುವ ಅಜ್ಜಿ, ಇವರೆಲ್ಲ ಇಲ್ಲದೆ ಒಂದು ಬೀದಿ ಎರಡು ದಿನವೂ ನಡೆಯುವುದಿಲ್ಲ ಎಂಬುದು ನನಗೆ ಆ ಕೌಂಟರಿನ ಹಿಂದೆ ಕೂತ ಮೇಲೆಯೇ ಹೊಳೆದದ್ದು.

ಒಂದು ದಿನ ವಯಸ್ಸಾದ ಒಬ್ಬ ಅಮ್ಮ ಬಂದರು. ಕೈಯಲ್ಲಿ ಪ್ಲಾಸ್ಟಿಕ್ ಕವರು, ಅದರೊಳಗೆ ಮಡಿಸಿಟ್ಟ ವಿದ್ಯುತ್ ಬಿಲ್ಲು, ವೈದ್ಯರ ಚೀಟಿ ಮತ್ತು ಆಮ್ಲಜನಕದ ಸಿಲಿಂಡರಿನ ರಸೀದಿಗಳ ಒಂದು ಕಟ್ಟು. ಅವರ ಯಜಮಾನರಿಗೆ ಶ್ವಾಸಕೋಶದ ಕಾಯಿಲೆ. ದಿನ ಬಿಟ್ಟು ದಿನ ಸಿಲಿಂಡರು ಬದಲಾಗಬೇಕು. ಅವರಿಗೆ ತಮ್ಮ ಪಾಸ್ ಬಗ್ಗೆ ಚಿಂತೆಯಿರಲಿಲ್ಲ, ಅದಾಗಲೇ ಬಂದಿತ್ತು. ಸಿಲಿಂಡರು ತರುವ ವ್ಯಾನಿಗೆ ಪಾಸ್ ಕೊಡಿ ಎಂದು ಕೇಳಿದರು. ನಮ್ಮ ಅರ್ಜಿಯಲ್ಲಿ ವಾಹನದ ಸಂಖ್ಯೆಯ ಜೊತೆಗೆ ಚಾಲಕನ ಹೆಸರು, ಭಾವಚಿತ್ರ, ಗುರುತಿನ ಚೀಟಿ ಕಡ್ಡಾಯ. ಆ ವ್ಯಾನಿಗೆ ದಿನಕ್ಕೊಬ್ಬ ಚಾಲಕ. ಯಾರು ಬರುತ್ತಾರೆಂದು ಹಿಂದಿನ ರಾತ್ರಿಯವರೆಗೆ ಆ ಏಜೆನ್ಸಿಗೂ ಗೊತ್ತಿರುತ್ತಿರಲಿಲ್ಲ. ನಾನು ಅರ್ಜಿಯನ್ನು ತಿರುಗಿಸಿ ಮುರುಗಿಸಿ ನೋಡಿದೆ, ಇಂಥದ್ದನ್ನು ಬರೆಯಲು ಅದರಲ್ಲಿ ಜಾಗವೇ ಇರಲಿಲ್ಲ. ಆ ಅಮ್ಮ ಜಗಳವಾಡಲಿಲ್ಲ, ಅಳಲಿಲ್ಲ. ರಸೀದಿಗಳನ್ನು ದಿನಾಂಕದ ಪ್ರಕಾರ ಕೌಂಟರಿನ ಮೇಲೆ ಒಂದೊಂದಾಗಿ ಹರಡಿ, ಸಭೆಯ ಮೊದಲ ದಿನಕ್ಕೇ ಬದಲಾವಣೆ ಬೀಳುತ್ತದೆ ನೋಡಿ ಎಂದು ಬೆರಳಿಟ್ಟು ತೋರಿಸಿದರು.

ನಿಮ್ಮ ಪ್ರಬಂಧಕ್ಕೆ ನಾನು ಹೇಳುವುದು ಇಷ್ಟು. ಯಾವುದೇ ನಗರದ ಸಿದ್ಧತೆಯನ್ನು ಅಳೆಯಬೇಕಾದರೆ ಅದರ ಪಾಸ್ ಅರ್ಜಿಯ ಒಂದು ಪ್ರತಿಯನ್ನು ಸಂಪಾದಿಸಿ. ಅದರಲ್ಲಿ ಯಾವ ಯಾವ ಕಾಲಮ್ಮುಗಳಿವೆ ಎಂಬುದನ್ನು ನೋಡಿದರೆ, ಆ ನಗರ ಯಾರನ್ನು ನೆನಪಿಟ್ಟುಕೊಂಡಿತ್ತು, ಯಾರನ್ನು ಮರೆತಿತ್ತು ಎಂಬುದು ಗೊತ್ತಾಗುತ್ತದೆ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಮನಃಪೂರ್ವಕ ವಂದನೆಗಳು. ಪಾಸ್ ಅರ್ಜಿಯನ್ನು ಆಕರವಾಗಿ ಬಳಸಬಹುದೆಂಬ ಯೋಚನೆ ನನಗೆ ಹೊಳೆದಿರಲೇ ಇಲ್ಲ. ಮಾರ್ಗದರ್ಶಕರ ಹತ್ತಿರ ಈ ವಾರವೇ ಪ್ರಸ್ತಾಪಿಸುತ್ತೇನೆ. ಆದರೆ ಸಭೆಗಾಗಿ ಕಟ್ಟಿದ ಕಟ್ಟಡ, ಸೇತುವೆ, ರಸ್ತೆಗಳ ವಿಷಯ ಇನ್ನೂ ಬಂದಿಲ್ಲ. ಸಭೆಯ ನೆಪದಲ್ಲಿಯಾದರೂ ನಗರಕ್ಕೆ ಒಂದಷ್ಟು ಒಳ್ಳೆಯ ಕೆಲಸ ಆಗುತ್ತದಲ್ಲವೇ ಎಂದು ಹೇಳುವವರಿಗೆ ಏನು ಉತ್ತರ ಕೊಡಬೇಕು? ಇನ್ನೊಂದು, ಆ ಅಮ್ಮನ ಮನೆಗೆ ಸಿಲಿಂಡರು ತಲುಪಿತೇ?

ಉತ್ತರ 4

ಕಟ್ಟಡಗಳ ಬಗ್ಗೆ ನಾನು ಹೇಳುತ್ತೇನೆ. ನಾನು ಸಿವಿಲ್ ಎಂಜಿನಿಯರ್. ಆಗುತ್ತದೆ, ಆದರೆ ಆ ಕಟ್ಟಡವನ್ನು ಮೂರನೆಯ ದಿನ ಯಾರು ಬಳಸುತ್ತಾರೆಂಬುದು ನಕ್ಷೆ ಬರೆಯುವ ಮೊದಲೇ ತೀರ್ಮಾನವಾಗಿದ್ದರೆ ಮಾತ್ರ ಆಗುತ್ತದೆ.

ರಷ್ಯಾ 2012ರ ಏಪೆಕ್ ಸಭೆಯನ್ನು ವ್ಲಾಡಿವೊಸ್ಟಾಕ್‌ನಲ್ಲಿ ನಡೆಸಿತು. ಸಭೆ ನಡೆದದ್ದು ಎದುರಿಗಿರುವ ರುಸ್ಕಿ ದ್ವೀಪದಲ್ಲಿ. ಅಲ್ಲಿಗೆ ಕಟ್ಟಿದ ಸೇತುವೆಯ ನಡುಹರವು 1,104 ಮೀಟರ್. ತಂತಿಗಳಿಂದ ನೇರವಾಗಿ ಗೋಪುರಕ್ಕೆ ಎಳೆದು ಕಟ್ಟುವ ಸೇತುವೆಗಳಲ್ಲಿ ಅದು ಆಗ ಜಗತ್ತಿನಲ್ಲೇ ಅತಿ ಉದ್ದದ ಹರವು. ಕೆಲವೇ ಸಾವಿರ ಜನರಿರುವ ದ್ವೀಪಕ್ಕೆ ಇಂಥ ಸೇತುವೆ ಏಕೆ ಎಂದು ಬಹಳ ಜನ ಕೇಳಿದರು. ಆ ಪ್ರಶ್ನೆ ನ್ಯಾಯವಾದದ್ದೇ, ಖರ್ಚು ಕೂಡ ವಿಪರೀತವಾಗಿತ್ತು. ಆದರೆ ನಾಯಕರು ಕೂತು ಮಾತಾಡಿದ ಕಟ್ಟಡಗಳು ಸಭೆಯ ನಂತರ ವಿಶ್ವವಿದ್ಯಾಲಯದ ಆವರಣವಾಗಬೇಕೆಂದು ಮೊದಲೇ ನಿಶ್ಚಯವಾಗಿತ್ತು, ಹಾಗೆಯೇ ಆಯಿತು. ಈಗ ಅಲ್ಲಿ ವಿದ್ಯಾರ್ಥಿಗಳು ಓದುತ್ತಿದ್ದಾರೆ.

ಇದಕ್ಕೆ ತದ್ವಿರುದ್ಧವಾದದ್ದು ಇಟಲಿಯ ಲಾ ಮದ್ದಲೇನಾ ದ್ವೀಪ. 2009ರ ಜುಲೈನ ಜಿ-8 ಸಭೆಗೆಂದು ಅಲ್ಲಿನ ಹಳೆಯ ನೌಕಾ ಕಾರ್ಯಾಗಾರವನ್ನು ಹೋಟೆಲು, ಸಭಾಂಗಣಗಳನ್ನಾಗಿ ಪರಿವರ್ತಿಸುತ್ತಿದ್ದರು. ಏಪ್ರಿಲ್ 6ರಂದು ಅದೇ ದೇಶದ ಲಾಕ್ವಿಲಾದಲ್ಲಿ ಭೂಕಂಪವಾಗಿ ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಆ ಊರಿಗೆ ಜಗತ್ತಿನ ಗಮನ ಮತ್ತು ನೆರವು ಸಿಗಲೆಂದು ಸರ್ಕಾರ ಸಭೆಯನ್ನೇ ಲಾಕ್ವಿಲಾದ ಹಣಕಾಸು ಪೊಲೀಸರ ತರಬೇತಿ ಶಾಲೆಗೆ ವರ್ಗಾಯಿಸಿತು. ಇದ್ದ ಶಾಲೆಯಲ್ಲೇ ಸಭೆ ನಡೆಯಿತು, ಹೊಸ ಅರಮನೆ ಬೇಕಾಗಲಿಲ್ಲ. ಲಾ ಮದ್ದಲೇನಾದಲ್ಲಿ ಕೋಟಿಗಟ್ಟಲೆ ಯೂರೋ ಸುರಿದು ಕಟ್ಟಿದ್ದೆಲ್ಲ ಉಪಯೋಗಕ್ಕೆ ಬಾರದೆ ವರ್ಷಾನುಗಟ್ಟಲೆ ಸಮುದ್ರದ ಉಪ್ಪುಗಾಳಿಗೆ ಹಾಳಾಯಿತು. ಸಮುದ್ರದಂಚಿನ ಕಬ್ಬಿಣಕ್ಕೆ ಪ್ರತಿ ವರ್ಷ ಆರೈಕೆ ಬೇಕು. ಬಿಟ್ಟರೆ ಅದು ಯಾರಿಗೂ ಕಾಯುವುದಿಲ್ಲ.

ನಮ್ಮ ದೇಶದ 2023ರ ಜಿ-20 ಅನ್ನೂ ಇಲ್ಲಿ ನೆನೆಯಬೇಕು. ದೆಹಲಿಯ ಪ್ರಗತಿ ಮೈದಾನದಲ್ಲಿ ಸುಮಾರು 2,700 ಕೋಟಿ ರೂಪಾಯಿ ವೆಚ್ಚದ ಭಾರತ್ ಮಂಟಪಂ ಸಂಕೀರ್ಣ ಜುಲೈ 26ರಂದು ಉದ್ಘಾಟನೆಯಾಯಿತು, ಸೆಪ್ಟೆಂಬರ್ 9 ಮತ್ತು 10ರಂದು ಶೃಂಗಸಭೆ ನಡೆಯಿತು. ಮೊದಲಿನಿಂದಲೂ ಮೇಳಗಳ ಮೈದಾನವಾದ್ದರಿಂದ ಆ ಜಾಗಕ್ಕೆ ಬಳಕೆಯ ಕೊರತೆಯಿಲ್ಲ. ಕಟ್ಟಡದ ದೃಷ್ಟಿಯಿಂದ ಅದು ಸರಿಯಾದ ನಿರ್ಧಾರವೆಂದೇ ನನ್ನ ಅಭಿಪ್ರಾಯ. ಆದರೆ ಅದೇ ಸಿದ್ಧತೆಯ ಕಾಲದಲ್ಲಿ ನಗರದ ಹಲವು ಜೋಪಡಿ ಬಡಾವಣೆಗಳನ್ನು ತೆರವುಗೊಳಿಸಲಾಯಿತು, ಕೆಲವು ಕಡೆ ಹಸಿರು ಪರದೆ ಕಟ್ಟಿ ಮರೆಮಾಡಲಾಯಿತು. ಸಭೆಯ ಹಿಂದಿನ ದಿನವೂ ಸೇರಿ ಮೂರು ದಿನ ನವದೆಹಲಿ ಭಾಗದಲ್ಲಿ ಅಂಗಡಿ ಮುಂಗಟ್ಟುಗಳು ಮುಚ್ಚಿದ್ದವು, ದಿನದ ದುಡಿಮೆಯನ್ನೇ ನಂಬಿದ ಬೀದಿಬದಿ ವ್ಯಾಪಾರಿಗಳು ಕೆಲಸವಿಲ್ಲದೆ ಕೂತರು. 2014ರ ಬೀದಿ ವ್ಯಾಪಾರಿಗಳ ಕಾಯಿದೆಯ ಪ್ರಕಾರ ವ್ಯಾಪಾರಿಯನ್ನು ಎಬ್ಬಿಸಬೇಕಾದರೆ ಮೂವತ್ತು ದಿನಗಳ ನೋಟಿಸ್ ಕೊಡಬೇಕು. ಶೃಂಗಸಭೆಯ ದಿನಾಂಕ ತಿಂಗಳುಗಳ ಮೊದಲೇ ಗೊತ್ತಿರುವಾಗ ಆ ನೋಟಿಸ್ ಕೊಡುವುದು ಕಷ್ಟದ ಕೆಲಸವೇನಲ್ಲ.

ಉತ್ತರ 1 ಬರೆದವರಿಂದ

ಎರಡನೆಯ ಉತ್ತರ ಕೊಟ್ಟವರಿಗೆ ಒಂದು ಮಾತು. ನಿಮ್ಮ ನೋವು ನನಗೆ ಅರ್ಥವಾಗುತ್ತದೆ, ಆದರೂ ಪರಿಹಾರವನ್ನು ಒಪ್ಪಲಾರೆ. ಜನರಿಗೆ ಸಂಬಂಧಿಸಿದ ತೀರ್ಮಾನಗಳನ್ನು ಕೈಗೊಳ್ಳುವವರು ಜನರ ಕೂಗು ಕೇಳಿಸದಷ್ಟು ದೂರದ ಬೆಟ್ಟಕ್ಕೆ ಹೋಗಿ ಕೂತರೆ ಪ್ರತಿಭಟಿಸುವ ಹಕ್ಕಿಗೆ ಬೆಲೆಯೇ ಉಳಿಯುವುದಿಲ್ಲ. ಸಿಯಾಟಲ್ ನಂತರ ವಿಶ್ವ ವ್ಯಾಪಾರ ಸಂಸ್ಥೆ ತನ್ನ ಮುಂದಿನ ಸಭೆಯನ್ನು 2001ರಲ್ಲಿ ಕತಾರಿನ ದೋಹಾದಲ್ಲಿ ನಡೆಸಿದಾಗ ಬೀದಿಗಳು ಶಾಂತವಾಗಿದ್ದವು. ವಿರೋಧವಿದ್ದವರಿಗೆ ಅಲ್ಲಿಗೆ ಹೋಗುವುದೇ ಸಾಧ್ಯವಾಗಲಿಲ್ಲ ಎಂಬುದು ಅದಕ್ಕೆ ದೊಡ್ಡ ಕಾರಣ.

ನಗರದಲ್ಲೇ ನಡೆಸಲಿ, ಆದರೆ ಹೊಣೆ ಹೊತ್ತು ನಡೆಸಲಿ. 2017ರ ಜುಲೈನಲ್ಲಿ ಜರ್ಮನಿಯ ಹ್ಯಾಂಬರ್ಗ್‌ನವರು ಊರಿನ ನಟ್ಟನಡುವೆ, ಪ್ರತಿಭಟನೆಗೆ ಹೆಸರಾದ ಬಡಾವಣೆಯ ಪಕ್ಕದಲ್ಲೇ ಇರುವ ವಸ್ತುಪ್ರದರ್ಶನ ಸಭಾಂಗಣದಲ್ಲಿ ಜಿ-20 ನಡೆಸಿದರು. ಇಪ್ಪತ್ತು ಸಾವಿರಕ್ಕೂ ಹೆಚ್ಚು ಪೊಲೀಸರಿದ್ದರೂ ಕಾರುಗಳಿಗೆ ಬೆಂಕಿ ಬಿತ್ತು, ಅಂಗಡಿಗಳು ಲೂಟಿಯಾದವು. ಜಾಗದ ಆಯ್ಕೆಯಲ್ಲಿ ಅವರು ದೊಡ್ಡ ತಪ್ಪು ಮಾಡಿದರು. ಆದರೆ ನಷ್ಟವಾದವರಿಗೆಂದು ಕೇಂದ್ರ ಸರ್ಕಾರವೂ ನಗರವೂ ಸೇರಿ 4 ಕೋಟಿ ಯೂರೋಗಳ ನಿಧಿಯನ್ನು ಕೂಡಲೇ ಘೋಷಿಸಿದವು. ನನ್ನ ಕೇಳಿಕೆಯೆಂದರೆ ಅಂಥ ನಿಧಿ ಗಲಭೆಯ ನಂತರದ ಘೋಷಣೆಯಾಗಿರಬಾರದು, ಸಭೆಯ ಆಯವ್ಯಯದ ಮೊದಲ ಪುಟದಲ್ಲೇ ಇರಬೇಕು, ಮತ್ತು ಗಲಭೆಯಾಗದೆ ಬರೀ ರಸ್ತೆ ಮುಚ್ಚಿದ್ದರಿಂದ ವ್ಯಾಪಾರ ಕಳೆದುಕೊಂಡವರಿಗೂ ಅದರಲ್ಲಿ ಪಾಲಿರಬೇಕು. ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ 2014ರ ಜಿ-20 ಸಭೆಗೆ ಒಂದು ವರ್ಷ ಮೊದಲೇ ಪ್ರತ್ಯೇಕ ಕಾಯಿದೆ ಮಾಡಿ ಎಲ್ಲ ನಿರ್ಬಂಧಗಳನ್ನೂ ಪಟ್ಟಿ ಮಾಡಿ ಪ್ರಕಟಿಸಿದ್ದರು. ಕಾಯಿದೆಯ ಬಿಗಿಯ ಬಗ್ಗೆ ತಕರಾರುಗಳಿದ್ದರೂ, ಏನು ನಿಷಿದ್ಧ ಎಂಬುದನ್ನು ಯಾರು ಬೇಕಾದರೂ ಓದಿ ತಿಳಿಯಬಹುದಿತ್ತು. ಊರಿಗೆ ರಜೆ ಕೊಟ್ಟಿದ್ದರಿಂದ ಬೀದಿಗಳು ಬಿಕೋ ಎಂದವು, ಗಿರಾಕಿಗಳಿಗಾಗಿ ಕಾದ ವ್ಯಾಪಾರಿಗಳು ನಿರಾಶರಾದರು. ನಿಮ್ಮ ಪ್ರಬಂಧದಲ್ಲಿ ಟೊರಾಂಟೋ ಮತ್ತು ಬ್ರಿಸ್ಬೇನ್ ಎರಡನ್ನೂ ಅಕ್ಕಪಕ್ಕ ಇಟ್ಟು ಹೋಲಿಸಿ ನೋಡಿ ಎಂದು ಸೂಚಿಸುತ್ತೇನೆ.

ಉತ್ತರ 3 ಬರೆದವರಿಂದ

ತಲುಪಿತು, ಆದರೆ ಸುಲಭವಾಗಿ ಅಲ್ಲ. ಅರ್ಜಿಯಲ್ಲಿ ಜಾಗವಿಲ್ಲದ ಕಾರಣ ಅದರ ಅಂಚಿನಲ್ಲಿ, ವಾಹನಕ್ಕೆ ಮಾತ್ರ ಅನುಮತಿ, ಚಾಲಕ ಯಾರೇ ಇರಬಹುದು ಎಂದು ಕೈಯಲ್ಲಿ ಬರೆದು, ಮೇಲಧಿಕಾರಿಗಳ ಸಹಿಗಾಗಿ ರಾತ್ರಿ ಹತ್ತರವರೆಗೆ ಕಾದು ಮಾಡಿಸಿಕೊಂಡೆ. ಸಭೆಯ ಮೊದಲ ದಿನ ಬೆಳಿಗ್ಗೆ ವ್ಯಾನು ಹೊರಸುತ್ತಿನ ಬ್ಯಾರಿಕೇಡಿನಲ್ಲಿ ನಿಂತುಬಿಟ್ಟಿತು. ಕಂಪ್ಯೂಟರಿಗೆ ವಿವರ ತುಂಬಿದವರು ಕಾಲಮ್ಮುಗಳಲ್ಲಿದ್ದದ್ದನ್ನಷ್ಟೇ ತುಂಬಿದ್ದರು, ಅಂಚಿನಲ್ಲಿದ್ದದ್ದು ಪಟ್ಟಿಗೆ ಹೋಗಿರಲಿಲ್ಲ. ಫೋನಿನ ಮೇಲೆ ಫೋನು ಮಾಡಿ ನಲವತ್ತು ನಿಮಿಷ ಕಳೆಯಿತು. ಕೊನೆಗೆ ಅಲ್ಲಿ ಕರ್ತವ್ಯದಲ್ಲಿದ್ದ ಪೇದೆಯೊಬ್ಬರು, ವ್ಯಾನು ಬಿಡಲು ತಮಗೆ ಅಧಿಕಾರವಿಲ್ಲವೆಂದು ಹೇಳಿ, ಸಿಲಿಂಡರನ್ನು ತಳ್ಳುಗಾಡಿಗೆ ಇಳಿಸಿಕೊಂಡು ತಾವೇ ತಳ್ಳುತ್ತ ಆ ಮನೆಯ ಬಾಗಿಲವರೆಗೆ ಹೋದರಂತೆ. ಅಮ್ಮನೇ ನನಗೆ ಹೇಳಿದ್ದು.

ಅವರು ಹೇಳಿದ್ದು ಮೂರನೆಯ ದಿನ. ಪಾಸಿನ ಹಿಂಬದಿಯಲ್ಲಿ ಸಭೆ ಮುಗಿದ ಮೇಲೆ ಹಿಂತಿರುಗಿಸತಕ್ಕದ್ದು ಎಂದು ಅಚ್ಚಾಗಿತ್ತು. ಸಾವಿರಾರು ಪಾಸ್‌ಗಳಲ್ಲಿ ಅದನ್ನು ಓದಿ ಹಿಂತಿರುಗಿಸಲು ಬಂದವರನ್ನು ನಾನು ನೋಡಿದ್ದು ಅವರೊಬ್ಬರನ್ನೇ. ಅಷ್ಟರಲ್ಲಿ ಕೌಂಟರುಗಳನ್ನೆಲ್ಲ ಬಿಚ್ಚಿ ಲಾರಿಗೆ ತುಂಬುತ್ತಿದ್ದರು, ನಾನು ಬಾಡಿಗೆಯ ಕುರ್ಚಿಗಳನ್ನು ಎಣಿಸುತ್ತ ನಿಂತಿದ್ದೆ. ಅವರು ಅದೇ ಪ್ಲಾಸ್ಟಿಕ್ ಕವರಿನಿಂದ ತಮ್ಮದೂ ಯಜಮಾನರದೂ ಎರಡು ಪಾಸ್ ತೆಗೆದು ನನ್ನ ಕೈಗಿತ್ತು, ತಂದುಕೊಟ್ಟಿದ್ದಕ್ಕೆ ರಸೀದಿ ಬೇಕು ಎಂದರು. ರಸೀದಿ ಪುಸ್ತಕ ಲಾರಿಯಲ್ಲಿತ್ತು. ಮೇಲೆ ಹತ್ತಿ ಹುಡುಕಿ, ಹಾಳೆ ಹರಿದು, ದಿನಾಂಕ ಹಾಕಿ ಸಹಿ ಮಾಡಿ ಕೊಟ್ಟೆ.